ಇಚ್ಛೆಯನ್ನು ಫಲದಿಂದ ಗುಣಿಸಿದಾಗ

ಲೆಕ್ಕದ ಪುಸ್ತಕದಲ್ಲಿ ಎರಡು ಜಾತಿಯ ಲೆಕ್ಕಗಳಿರುತ್ತವೆ. ಒಂದು, ಬರಿಯ ಅಂಕಿಗಳಲ್ಲಿ ಬರೆದದ್ದು. ಅದನ್ನು ಮಕ್ಕಳು ಹೇಗೋ ಮಾಡಿಬಿಡುತ್ತಾರೆ. ಇನ್ನೊಂದು, ಮಾತಿನಲ್ಲಿ ಬರೆದದ್ದು. ವ್ಯಾಪಾರಿ, ರೈಲು, ನೀರಿನ ತೊಟ್ಟಿ, ಕೂಲಿಯಾಳು ಇವರೆಲ್ಲ ಬರುವುದು ಆ ಎರಡನೆಯದರಲ್ಲಿ. ಅದು ಬಂತೆಂದರೆ ಅರ್ಧ ತರಗತಿಯ ಮುಖ ಬಾಡುತ್ತದೆ. "ಮಿಸ್, ಗುಣಿಸೋದಾ ಭಾಗಿಸೋದಾ ಅಷ್ಟು ಹೇಳಿಬಿಡಿ, ಮಿಕ್ಕಿದ್ದು ನಾವು ಮಾಡ್ತೀವಿ" ಎನ್ನುತ್ತಾರೆ. ಗುಣಿಸುವುದೋ ಭಾಗಿಸುವುದೋ ಎಂದು ತಿಳಿಯುವುದೇ ಲೆಕ್ಕ, ಮಿಕ್ಕಿದ್ದು ಬರಿಯ ಕೈಕೆಲಸ ಎಂಬುದು ಅವರಿಗೆ ಆಗ ಹೊಳೆಯುವುದಿಲ್ಲ.

ನಾನು ಗಣಿತದ ಅಧ್ಯಾಪಕಿಯಲ್ಲ. ಬಿ.ಎ., ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಆದರೂ ಕುವೆಂಪುನಗರದ ನಮ್ಮ ಮನೆಗೆ ಸಂಜೆಯ ಹೊತ್ತು ಅಕ್ಕಪಕ್ಕದ ಮಕ್ಕಳು ಪುಸ್ತಕ ಹಿಡಿದು ಬರುತ್ತಾರೆ. ಟೀಚರಮ್ಮನ ಮನೆ ಎಂದ ಮೇಲೆ ಯಾವ ವಿಷಯವಾದರೇನು ಎಂಬುದು ಬೀದಿಯ ನಂಬಿಕೆ. ಅವರನ್ನು ಕರೆದೊಯ್ಯಲು ಬರುವ ತಾಯಂದಿರು ಗೇಟಿನ ಬಳಿ ನಿಂತು ಒಂದು ಮಾತು ತಪ್ಪದೆ ಆಡುತ್ತಾರೆ: "ನಮಗೂ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ ಮೇಡಂ." ಹಾಗೆನ್ನುವವರು ಯಾರು? ಒಂದು ಸಂಬಳದಲ್ಲಿ ಬಾಡಿಗೆ, ಹಾಲು, ಗ್ಯಾಸು, ಸ್ಕೂಲ್ ಫೀಸು, ಮಾವನವರ ಮಾತ್ರೆ, ಚೀಟಿಯ ಕಂತು ಎಲ್ಲವನ್ನೂ ತೂಗಿಸಿ, ತಿಂಗಳ ಕೊನೆಗೆ ಒಂದಿಷ್ಟು ಮಿಗಿಸುವವರು. ಇವರಿಗೆ ಲೆಕ್ಕ ಬರುವುದಿಲ್ಲ ಎಂದು ಇವರಿಗೆ ಹೇಳಿದವರು ಯಾರು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು, ಇತಿಹಾಸದ ಅಭ್ಯಾಸದವಳಾದ ನಾನು ಶಾಸನ ಓದುವ ಹಾಗೆ ಹಳೆಯ ಲೆಕ್ಕಗಳನ್ನು ಓದಲು ತೊಡಗಿದೆ. ಒಂದು ಕಾಲದಲ್ಲಿ ಏನನ್ನು ಮಾರುತ್ತಿದ್ದರು, ಯಾವುದಕ್ಕೆ ಬಡ್ಡಿ ಕಟ್ಟುತ್ತಿದ್ದರು, ಯಾರನ್ನು ಎಷ್ಟಕ್ಕೆ ಅಳೆಯುತ್ತಿದ್ದರು ಎಂಬುದನ್ನು ತಾಮ್ರಶಾಸನಕ್ಕಿಂತ ನೇರವಾಗಿ ಈ ಲೆಕ್ಕಗಳು ಹೇಳುತ್ತವೆ.

ಈ ಓದನ್ನು ದೂರದ ಊರಿನಿಂದ ಶುರುಮಾಡಬೇಕಾಗಿಲ್ಲ. ಈಗಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿ ಮಳಖೇಡ ಎಂಬ ಊರಿದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನನ್ನು ನಾವು 'ಕವಿರಾಜಮಾರ್ಗ'ದ ಕಾರಣಕ್ಕೆ ನೆನೆಯುತ್ತೇವೆ. ಅದೇ ಅರಸನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದ. ಅದನ್ನು 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಅಚ್ಚುಹಾಕಿಸಿದ ಮೇಲೆ ಹೊರಗಿನ ಲೋಕಕ್ಕೂ ಅದು ತಿಳಿಯಿತು.

ಗ್ರಂಥದ ಆರಂಭದಲ್ಲೇ ಮಹಾವೀರ ಗಣಿತ ಎಲ್ಲೆಲ್ಲಿ ಬೇಕಾಗುತ್ತದೆ ಎಂದು ಒಂದು ಪಟ್ಟಿ ಕೊಡುತ್ತಾನೆ. ಅರ್ಥಶಾಸ್ತ್ರ, ಸಂಗೀತ, ನಾಟಕ, ವೈದ್ಯ, ವಾಸ್ತು ಇವುಗಳ ಸಾಲಿನಲ್ಲಿ ಸೂಪಶಾಸ್ತ್ರವನ್ನೂ ಸೇರಿಸುತ್ತಾನೆ. ಸೂಪಶಾಸ್ತ್ರ ಎಂದರೆ ಅಡಿಗೆ. ಹನ್ನೊಂದು ನೂರು ವರ್ಷಕ್ಕೂ ಹಿಂದೆ ಗಣಿತದ ಪಂಡಿತನೊಬ್ಬ ಅಡಿಗೆಮನೆಯನ್ನು ಗಣಿತದ ಸೀಮೆಯೊಳಗೆ ಇಟ್ಟ. ನಾಲ್ಕು ಜನರ ಸಾರಿನ ಪುಡಿಯನ್ನು ಹದಿನೆಂಟು ಜನರ ಪಂಕ್ತಿಗೆ ಏರಿಸುವಾಗ ನಾವು ಮಾಡುವುದು ಏನು ಎಂದು ಅವನಿಗೆ ಗೊತ್ತಿತ್ತು.

ಅವನ ಲೆಕ್ಕಗಳಲ್ಲಿ ಒಂದನ್ನು ಮನೆಗೆ ಬರುವ ಎಲ್ಲ ಮಕ್ಕಳಿಗೂ ಕೊಡುತ್ತೇನೆ. 9 ಮಾದಲ ಹಣ್ಣಿಗೂ 7 ಬೇಲದ ಹಣ್ಣಿಗೂ ಸೇರಿ ಬೆಲೆ 107. 7 ಮಾದಲಕ್ಕೂ 9 ಬೇಲಕ್ಕೂ ಸೇರಿ 101. ಒಂದೊಂದರ ಬೆಲೆ ಎಷ್ಟು? ಬೀಜಗಣಿತ ಕಲಿತವರು ಎಕ್ಸ್, ವೈ ಎಂದು ಬರೆದು ಎರಡು ಸಮೀಕರಣ ಮಾಡುತ್ತಾರೆ. ಮಹಾವೀರನ ಸೂತ್ರ ಬೇರೆ: ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿ, ಚಿಕ್ಕ ಮೊತ್ತವನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, ಕಳೆಯಬೇಕು. 963ರಲ್ಲಿ 707 ಕಳೆದರೆ 256. ಇದನ್ನು 9ರ ವರ್ಗ ಮತ್ತು 7ರ ವರ್ಗಗಳ ವ್ಯತ್ಯಾಸವಾದ 32ರಿಂದ ಭಾಗಿಸಿದರೆ ಮಾದಲದ ಬೆಲೆ 8 ಬರುತ್ತದೆ. ಬೇಲಕ್ಕೆ 5.

ಆದರೆ ಮಗಳನ್ನು ಕರೆದೊಯ್ಯಲು ಬಂದಿದ್ದ ತಾಯಿಯೊಬ್ಬರು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, ಯಾವ ಸೂತ್ರವೂ ಇಲ್ಲದೆ ಇದನ್ನು ಬಿಡಿಸಿದರು. "ಎರಡೂ ದಿನದ್ದು ಕೂಡಿಸಿದರೆ 16 ಅದು, 16 ಇದು, 208 ರೂಪಾಯಿ. ಹಾಗಾದರೆ ಒಂದು ಜೊತೆಗೆ 13. ಎರಡು ಮಾದಲ ಜಾಸ್ತಿ ತಗೊಂಡು ಎರಡು ಬೇಲ ಕಡಿಮೆ ಮಾಡಿದ್ದಕ್ಕೆ 6 ರೂಪಾಯಿ ಏರಿದೆ, ಅಂದರೆ ಒಂದಕ್ಕೆ 3 ವ್ಯತ್ಯಾಸ. ಹದಿಮೂರನ್ನ ಮೂರು ವ್ಯತ್ಯಾಸ ಬರೋ ಹಾಗೆ ಹಂಚಿದರೆ ಎಂಟು, ಐದು." ಇದೇ ಹೆಂಗಸು ಐದು ನಿಮಿಷ ಮುಂಚೆ ತನಗೆ ಲೆಕ್ಕ ಬರುವುದಿಲ್ಲ ಎಂದಿದ್ದರು. ಅವರಿಗೆ ಬಾರದೆ ಇದ್ದದ್ದು ಲೆಕ್ಕದ ಪುಸ್ತಕದ ಭಾಷೆ ಮಾತ್ರ.

ಹಾಗೆ ನೋಡಿದರೆ ಆ ಭಾಷೆಯೂ ನಮಗೆ ಪರಕೀಯವಲ್ಲ. ದರದ ಲೆಕ್ಕಗಳಿಗೆಲ್ಲ ತಾಯಿಬೇರು ತ್ರೈರಾಶಿಕ. ಮೂರು ರಾಶಿ ಗೊತ್ತಿದ್ದು ನಾಲ್ಕನೆಯದನ್ನು ಹುಡುಕುವ ಕ್ರಮ. 499ರಲ್ಲಿ ಆರ್ಯಭಟ ಹೇಳಿದ್ದು ಇದನ್ನೇ, ಮಹಾವೀರ ಒಂದು ಇಡೀ ಅಧ್ಯಾಯ ಮೀಸಲಿಟ್ಟದ್ದೂ ಇದಕ್ಕೇ. ಆ ಮೂರು ರಾಶಿಗಳಿಗೆ ಅವರು ಕೊಟ್ಟ ಹೆಸರುಗಳು ಪ್ರಮಾಣ, ಫಲ, ಇಚ್ಛಾ. 3 ಮೊಳ ಮಲ್ಲಿಗೆಗೆ 90 ರೂಪಾಯಿ ಎಂದು ಹೂವಿನವಳು ಹೇಳಿದಳು ಎನ್ನಿ. 3 ಮೊಳ ಪ್ರಮಾಣ, 90 ರೂಪಾಯಿ ಫಲ. ನನಗೆ ಬೇಕಾದದ್ದು 5 ಮೊಳ. ಅದು ಇಚ್ಛೆ. ಇಚ್ಛೆಯನ್ನು ಫಲದಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. 5ನ್ನು 90ರಿಂದ ಗುಣಿಸಿ 3ರಿಂದ ಭಾಗಿಸಿದರೆ 150. ಇಂಗ್ಲಿಷ್ ಪಠ್ಯಗಳಲ್ಲಿ ಇದಕ್ಕೆ 'ಮೂರರ ನಿಯಮ' ಎಂಬ ಒಣ ಹೆಸರಿದೆ. ನಮ್ಮವರು ಮಾತ್ರ, ಕೊಳ್ಳುವವಳ ಮನಸ್ಸಿನಲ್ಲಿರುವುದನ್ನು ಲೆಕ್ಕದ ಒಂದು ಅಂಗವೆಂದು ಗುರುತಿಸಿ ಅದನ್ನು ಇಚ್ಛೆ ಎಂದು ಕರೆದರು.

ಈ ಕ್ರಮಕ್ಕೆ ಒಂದೇ ಒಂದು ಕಟ್ಟುಪಾಡು. ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕು. ದೇವರಾಜ ಮಾರುಕಟ್ಟೆಯಲ್ಲಿ ಹೂವನ್ನು ಮೊಳದಲ್ಲೂ ಅಳೆಯುತ್ತಾರೆ, ಮಾರಿನಲ್ಲೂ ಅಳೆಯುತ್ತಾರೆ. ಮದುವೆಗೆ 2 ಮಾರು ಬೇಕೆಂದರೆ ಮೊದಲು ಮಾರಿಗೆ 4 ಮೊಳದಂತೆ 8 ಮೊಳ ಮಾಡಿಕೊಂಡು ಆಮೇಲೆ ಗುಣಿಸಬೇಕು. ಮಕ್ಕಳು ಎಡವುವುದು ಬಹುಪಾಲು ಇಲ್ಲೇ. ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಕೊಟ್ಟು ನಿಮಿಷದಲ್ಲಿ ಕೇಳಿದಾಗ, ಗ್ರಾಮಿನ ಬೆಲೆ ಕೊಟ್ಟು ಕಿಲೋದಲ್ಲಿ ಕೇಳಿದಾಗ, ಅಂಕಿಗಳು ಕಂಡ ಕೂಡಲೇ ಗುಣಿಸಿಬಿಡುತ್ತಾರೆ. ಮಹಾವೀರ ಇದಕ್ಕಾಗಿಯೇ ಮೊದಲ ಅಧ್ಯಾಯವನ್ನು ಅಳತೆಗಳ ಪರಿಭಾಷೆಗೆ ಕೊಟ್ಟ. ಉದ್ದ, ಕಾಲ, ಧಾನ್ಯ, ಚಿನ್ನ, ಬೆಳ್ಳಿ ಒಂದೊಂದಕ್ಕೂ ಅಲ್ಲಿ ಕೋಷ್ಟಕವಿದೆ. 24 ಅಂಗುಲಕ್ಕೆ ಒಂದು ಹಸ್ತ ಎನ್ನುತ್ತಾನೆ. ಆ ಹಸ್ತವೇ ನಮ್ಮ ಮೊಳ. ಮಾನ್ಯಖೇಟದ ಕೋಟೆ ಹಾಳುಬಿದ್ದಿದೆ, ಆ ಅಳತೆ ಇನ್ನೂ ಮೈಸೂರಿನ ಹೂವಿನವಳ ಮೊಳಕೈಯಲ್ಲಿದೆ. ಭಿನ್ನರಾಶಿಗಳ ಅಧ್ಯಾಯಕ್ಕೆ ಅವನಿಟ್ಟ ಹೆಸರು 'ಕಲಾಸವರ್ಣ'. ಬೇರೆ ಬೇರೆ ಛೇದದ ತುಂಡುಗಳನ್ನು ಒಂದೇ ವರ್ಣಕ್ಕೆ, ಒಂದೇ ಜಾತಿಗೆ ತರುವುದು ಎಂದು ಅದರ ಅರ್ಥ. ಜಾತಿಗೂಡಿಸದೆ ಕೂಡಿಸಬಾರದು ಎಂಬುದು ಈ ಗಣಿತದ ಮೊದಲ ಪಾಠ.

ಸಂಸ್ಕೃತದಲ್ಲಿದ್ದ ಈ ವಿದ್ಯೆಯನ್ನು ಕನ್ನಡಕ್ಕೆ ತಂದವನು ಹನ್ನೆರಡನೆಯ ಶತಮಾನದ ರಾಜಾದಿತ್ಯ. ಅವನ 'ವ್ಯವಹಾರಗಣಿತ' ಪದ್ಯದಲ್ಲಿ ಸೂತ್ರ ಹೇಳಿ ಗದ್ಯದಲ್ಲಿ ಬಿಡಿಸಿ ತೋರಿಸುವ ಪುಸ್ತಕ. ತ್ರೈರಾಶಿಕ, ಪಂಚರಾಶಿಕ, ಸಪ್ತರಾಶಿಕಗಳನ್ನು ಕನ್ನಡದ ಓದುಗ ತನ್ನ ನುಡಿಯಲ್ಲೇ ಕಲಿಯುವಂತಾದದ್ದು ಹೀಗೆ. ಹೆಸರನ್ನು ಗಮನಿಸಿ, ವ್ಯವಹಾರಗಣಿತ. ಅಂಗಡಿ, ಸಾಲ, ಹೊಲ, ಕೂಲಿ ಇವುಗಳ ಗಣಿತ. ಮಾತಿನ ಲೆಕ್ಕ ಅಂಕಿಯ ಲೆಕ್ಕಕ್ಕೆ ಆಮೇಲೆ ಅಂಟಿಸಿದ ಬಾಲವಲ್ಲ. ಮಾತಿನ ಲೆಕ್ಕವೇ ಮೊದಲು ಹುಟ್ಟಿದ್ದು.

ಹತ್ತಿರದ ಕಾಲಕ್ಕೆ ಬರೋಣ. ನಂಜನಗೂಡಿನ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮಜ್ಜಿಗೆ ಓದು ಬರಹ ಇರಲಿಲ್ಲ. ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಸುಣ್ಣದ ಬೊಟ್ಟು ಇಡುತ್ತಿದ್ದರು. ಅವರ ಜಗತ್ತಿನಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಸೇರಿಗೆ 2 ಅಚ್ಚೇರು, 4 ಪಾವು, 16 ಚಟಾಕು. ರಾಗಿ ಭತ್ತಕ್ಕೆ 20 ಕೊಳಗಕ್ಕೆ ಒಂದು ಖಂಡುಗ. ಇಂದಿನ ಮಕ್ಕಳು ಇದನ್ನು ಕೇಳಿ "ಅಯ್ಯೋ, ಎಷ್ಟು ಕಷ್ಟ" ಎನ್ನುತ್ತಾರೆ. ಆದರೆ ಆ ಕಷ್ಟದೊಳಗೆ ಒಂದು ಜಾಣತನವಿತ್ತು. ರೂಪಾಯಿಗೂ 16 ಭಾಗ, ಸೇರಿಗೂ 16 ಭಾಗ. ಆದ್ದರಿಂದ ತುಪ್ಪ ಸೇರಿಗೆ 3 ರೂಪಾಯಿ ಎಂದರೆ ಚಟಾಕಿಗೆ 3 ಆಣೆ ಎಂದು ಕೇಳಿದ ಕ್ಷಣದಲ್ಲೇ ಗೊತ್ತಾಗುತ್ತಿತ್ತು, ಗುಣಿಸುವುದೂ ಬೇಡ ಭಾಗಿಸುವುದೂ ಬೇಡ. 40 ಸೇರಿನ ಮಣಕ್ಕೆ 10 ರೂಪಾಯಿ ಎಂದರೆ ಸೇರಿಗೆ 4 ಆಣೆ. ಅರ್ಧ, ಕಾಲು, ಅರೆಕಾಲು, ವೀಸ ಎಂದು ಎರಡೆರಡಾಗಿ ಒಡೆಯುವುದನ್ನು ಕೈ ತಾನೇ ಕಲಿತುಬಿಡುತ್ತದೆ. ಬೆಲ್ಲದ ಅಚ್ಚನ್ನು ಒಡೆಯುವವಳಿಗೆ ಹತ್ತು ಭಾಗಕ್ಕಿಂತ ಹದಿನಾರು ಭಾಗ ಸುಲಭ. 'ಹದಿನಾರಾಣೆ ಸತ್ಯ' ಎಂದು ಈಗಲೂ ಹೇಳುತ್ತೇವಲ್ಲ, ಆ ನಾಣ್ಯ ಹೋದರೂ ಮಾತು ಉಳಿದಿದೆ.

1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ರೂಪಾಯಿಗೆ 100 ಪೈಸೆ. 'ನಯಾ' ಎಂಬ ಮಾತು 1964ರಲ್ಲಿ ಬಿಟ್ಟುಹೋಯಿತು. ತೂಕದ ಮೆಟ್ರಿಕ್ ಪದ್ಧತಿ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಶುರುವಾಗಿ 1962ರ ಏಪ್ರಿಲ್ ಹೊತ್ತಿಗೆ ಕಡ್ಡಾಯವಾಯಿತು. ನಡುವಿನ ಆ ಕೆಲವು ವರ್ಷ ಇಡೀ ದೇಶವೇ ಒಂದು ಪರಿವರ್ತನೆಯ ಲೆಕ್ಕವನ್ನು ದಿನಾ ಬಿಡಿಸುತ್ತಿತ್ತು. ಒಂದು ಆಣೆ ಎಂದರೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ. ಆದ್ದರಿಂದ ಸರ್ಕಾರದ ಕೋಷ್ಟಕದಲ್ಲಿ 1 ಆಣೆಗೆ 6 ಪೈಸೆ, 2 ಆಣೆಗೆ 12, 3 ಆಣೆಗೆ 19, 4 ಆಣೆಗೆ 25 ಎಂದಿತ್ತು. ನಮ್ಮಮ್ಮ ಆಗ ಹತ್ತು ವರ್ಷದ ಹುಡುಗಿ. ಆಣೆ ಬೆಲೆಯ ವಸ್ತು ನಾಲ್ಕು ಬೇಕಾದಾಗ ಅಜ್ಜಿ ಅವಳನ್ನು ಅಂಗಡಿಗೆ ನಾಲ್ಕು ಸಲ ಓಡಿಸುತ್ತಿದ್ದರಂತೆ. ಒಟ್ಟಿಗೆ ಕೊಂಡರೆ 25 ಪೈಸೆ, ಒಂದೊಂದಾಗಿ ಕೊಂಡರೆ ನಾಲ್ಕಾರಲೆ 24. ಓದು ಬಾರದ ಹೆಂಗಸು ಸರ್ಕಾರದ ಕೋಷ್ಟಕದಲ್ಲಿ ಒಂದು ಪೈಸೆಯ ಸಂದು ಹುಡುಕಿದ್ದರು. ಆಣೆಗೆ 7 ಪೈಸೆ ಕೇಳುವವರೂ ಇದ್ದರಂತೆ. ಅಂಥವರ ಅಂಗಡಿಗೆ ಹುಡುಗಿಯನ್ನು ಕಳುಹಿಸುತ್ತಲೇ ಇರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಹೆಮ್ಮೆಯ ಮಾತು. ಶಾಸನಗಳಲ್ಲಿ ದಾನದ ವಿವರದ ಜೊತೆಗೆ ಸುಲಿಗೆಯ ವಿವರವೂ ಇರುವ ಹಾಗೆ, ಈ ಲೆಕ್ಕಗಳಲ್ಲಿ ಕಹಿಯೂ ಇದೆ. ಭಾಸ್ಕರಾಚಾರ್ಯನ 'ಲೀಲಾವತಿ' 1150ರ ಗ್ರಂಥ. ಲೆಕ್ಕಗಳನ್ನು 'ಬಾಲೆ', 'ಲೀಲಾವತಿ' ಎಂದು ಹುಡುಗಿಯೊಬ್ಬಳನ್ನು ಕರೆದು ಕೇಳುವ ಪುಸ್ತಕ ಎಂದು ನಾವೆಲ್ಲ ಅದನ್ನು ಪ್ರೀತಿಯಿಂದ ನೆನೆಯುತ್ತೇವೆ. ಕುಂಕುಮಕೇಸರಿಯ ಸೊಗಸಾದ ಲೆಕ್ಕ ಅದರಲ್ಲಿದೆ: ಎರಡೂವರೆ ಪಲ ಕೇಸರಿಗೆ ಏಳರಲ್ಲಿ ಮೂರು ಪಾಲು ನಿಷ್ಕವಾದರೆ 9 ನಿಷ್ಕಕ್ಕೆ ಎಷ್ಟು? ಉತ್ತರ ಐವತ್ತೆರಡೂವರೆ ಪಲ. ಅದೇ ಪುಸ್ತಕದ ವ್ಯಸ್ತ ತ್ರೈರಾಶಿಕದಲ್ಲಿ, ಅಂದರೆ ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗುವ ಲೆಕ್ಕದಲ್ಲಿ, ಇನ್ನೊಂದು ಉದಾಹರಣೆ ಇದೆ. 16 ವರ್ಷದ ಹೆಣ್ಣಿಗೆ 32 ನಿಷ್ಕ ಬೆಲೆಯಾದರೆ 20 ವರ್ಷದವಳಿಗೆ ಎಷ್ಟು? 16ನ್ನು 32ರಿಂದ ಗುಣಿಸಿ 20ರಿಂದ ಭಾಗಿಸಿದರೆ ಇಪ್ಪತ್ತೈದು ಮತ್ತು ಐದರಲ್ಲಿ ಮೂರು ಪಾಲು ನಿಷ್ಕ. ಅದರ ಮಗ್ಗುಲಲ್ಲೇ ಎತ್ತಿನ ಲೆಕ್ಕ. ವಯಸ್ಸು ಏರಿದಂತೆ ಜೀವಿಗಳ ಬೆಲೆ ಇಳಿಯುತ್ತದೆ ಎಂಬುದು ನಿಯಮ.

ಭಾಸ್ಕರನನ್ನು ಈಗ ಕಟಕಟೆಗೆ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಅವನು ತನ್ನ ಕಾಲದ ಸಂತೆಯನ್ನು ಕಂಡಂತೆ ಬರೆದ. ಆದರೆ ಹೆಣ್ಣು ಮಾರಾಟದ ವಸ್ತುವಾಗಿದ್ದ ಕಾಲದಲ್ಲಿ ಅದು ಲೆಕ್ಕದ ಪುಸ್ತಕಕ್ಕೆ ಎಷ್ಟು ಸಹಜವಾಗಿ ಬಂದು ಕುಳಿತಿತು ನೋಡಿ. ಲೆಕ್ಕ ಸರಿಯಾಗಿದೆ, ಉತ್ತರವೂ ಸರಿಯಾಗಿದೆ. ತಪ್ಪಿರುವುದು ಲೆಕ್ಕದ ಹೊರಗೆ.

ಅಷ್ಟು ಹಿಂದಕ್ಕೆ ಹೋಗಬೇಕಾಗಿಯೂ ಇಲ್ಲ. ಕೆಲಸ ಮತ್ತು ಕಾಲದ ಲೆಕ್ಕಗಳು ನಿಮಗೆಲ್ಲ ನೆನಪಿರಬಹುದು. 2 ಗಂಡಸರು ಅಥವಾ 3 ಹೆಂಗಸರು ಒಂದು ಕೆಲಸವನ್ನು ಇಷ್ಟು ದಿನದಲ್ಲಿ ಮುಗಿಸಿದರೆ, 4 ಗಂಡಸರೂ 6 ಹೆಂಗಸರೂ ಸೇರಿ ಎಷ್ಟು ದಿನದಲ್ಲಿ ಮುಗಿಸುತ್ತಾರೆ? ನಾವು ಓದಿದ ಪುಸ್ತಕಗಳಲ್ಲಿ ಇಂಥವು ಬೇಕಾದಷ್ಟಿದ್ದವು, ಪರೀಕ್ಷೆಯ ಗೈಡುಗಳಲ್ಲಿ ಈಗಲೂ ಕಾಣುತ್ತವೆ. ಬಿಡಿಸುವ ಮೊದಲ ಹೆಜ್ಜೆ ಏನು? ಜಾತಿಗೂಡಿಸುವುದು! 3 ಹೆಂಗಸರನ್ನು 2 ಗಂಡಸರಾಗಿ ಪರಿವರ್ತಿಸುವುದು. ಚಟಾಕನ್ನು ಸೇರಿಗೆ ತಂದ ಹಾಗೆ, ಅಂಗುಲವನ್ನು ಹಸ್ತಕ್ಕೆ ತಂದ ಹಾಗೆ, ಒಬ್ಬ ಹೆಂಗಸೆಂದರೆ ಮೂರರಲ್ಲಿ ಎರಡು ಪಾಲು ಗಂಡಸು. ಹೊಲದಲ್ಲಿ ನಾಟಿ ಹಾಕುವವರು, ಕಳೆ ಕೀಳುವವರು ಯಾರು ಎಂದು ಗೊತ್ತಿರುವ ಮಕ್ಕಳೂ ತಲೆ ಬಗ್ಗಿಸಿಕೊಂಡು ಆ ಪರಿವರ್ತನೆ ಮಾಡುತ್ತಿದ್ದರು. ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬ ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ. ಕಾಯ್ದೆ ಬಂದ ಮೇಲೂ ಲೆಕ್ಕದ ಪುಟದಲ್ಲಿ ಕೂಲಿ ಹಳೆಯದೇ ಉಳಿಯಿತು.

ಇದನ್ನು ತರಗತಿಯಲ್ಲಿ ದುಡಿಮೆಯ ಪಾಠ ಮಾಡುವಾಗ ಹೇಳಿದೆ. ನೀವೇ ಒಂದೊಂದು ಲೆಕ್ಕ ಕಟ್ಟಿಕೊಂಡು ಬನ್ನಿ ಎಂದೂ ಹೇಳಿದೆ. ಹೆಚ್ಚಿನವರು ಸೈಕಲ್ಲು, ಐಸ್‌ಕ್ರೀಮು, ಕ್ರಿಕೆಟ್ಟಿನ ರನ್ನು ಎಂದು ಬರೆದು ತಂದರು. ಒಬ್ಬ ಹುಡುಗಿ ಬರೆದದ್ದು ಇದು: ನಮ್ಮಮ್ಮ ಬೇರೆಯವರ ಮನೆಯಲ್ಲಿ ಅಡಿಗೆ ಮಾಡಿದರೆ ಗಂಟೆಗೆ 60 ರೂಪಾಯಿ. ನಮ್ಮ ಮನೆಯಲ್ಲಿ ದಿನಕ್ಕೆ 5 ಗಂಟೆ ಕೆಲಸ ಮಾಡುತ್ತಾಳೆ. ತಿಂಗಳಿಗೆ ಎಷ್ಟಾಯಿತು? ಅದನ್ನು ಯಾರು ಕೊಡಬೇಕು? ಮೊದಲ ಪ್ರಶ್ನೆಗೆ ತರಗತಿ ಒಂದೇ ಉಸಿರಿನಲ್ಲಿ 9,000 ಎಂದಿತು. ಎರಡನೆಯದಕ್ಕೆ ಯಾರೂ ಬಾಯಿ ತೆರೆಯಲಿಲ್ಲ. ನಾನು ಅದನ್ನು ಬೋರ್ಡಿನ ಮೇಲೆ ಹಾಗೆಯೇ ಬಿಟ್ಟು ಗಂಟೆ ಹೊಡೆದ ಮೇಲೆ ಹೊರಗೆ ಬಂದೆ.

ಲೆಕ್ಕ ಬಾರದು ಎಂದುಕೊಂಡರೆ ನಷ್ಟ ಯಾರಿಗೆ ಎಂಬುದನ್ನೂ ಈಗ ಹೇಳಬೇಕು. ಸಂತೆಯ ಕಾಲದಲ್ಲಿ ನಮಗೆ ಗೊತ್ತಿದ್ದ ರಿಯಾಯಿತಿ ಎಂದರೆ ಕೊಸರು. "ಕೊಸರು ಹಾಕಮ್ಮ" ಎಂದರೆ 10 ನಿಂಬೆಹಣ್ಣಿನ ಮೇಲೆ ಇನ್ನೊಂದು ಬೀಳುತ್ತಿತ್ತು. ಹತ್ತಕ್ಕೆ ಒಂದು ಎಂದರೆ ನೂರಕ್ಕೆ 10ರ ರಿಯಾಯಿತಿ ಎಂದು ತೋರುತ್ತದೆ, ಆದರೆ ಅಲ್ಲ. ಕೈಗೆ ಬಂದದ್ದು 11 ಹಣ್ಣು, ಬಿಟ್ಟಿ ಬಂದದ್ದು ಅದರಲ್ಲಿ 1, ಅಂದರೆ ನೂರಕ್ಕೆ ಸುಮಾರು 9. ಇದು ಕಣ್ಣೆದುರಿನ ವ್ಯವಹಾರ, ನಷ್ಟವಾದರೂ ಒಂದು ನಿಂಬೆಹಣ್ಣಿನಷ್ಟು. ಈಗ ಆಷಾಢ ಬಂತೆಂದರೆ ಸೀರೆ ಅಂಗಡಿಯ ಬಾಗಿಲಿಗೆ '50+20 ಪರ್ಸೆಂಟ್' ಎಂಬ ಬಟ್ಟೆ ಕಟ್ಟುತ್ತಾರೆ. ಕೂಡಿಸಿದರೆ 70. ಆದರೆ ಇವು ಕೂಡಿಸುವ ಜಾತಿಯವಲ್ಲ. 4,000 ರೂಪಾಯಿಯ ಸೀರೆಗೆ ಮೊದಲು 50 ಕಳೆದರೆ 2,000. ಆಮೇಲಿನ 20, ಉಳಿದ ಆ 2,000ದ ಮೇಲೆ. ಕೊಡಬೇಕಾದದ್ದು 1,600. ಸಿಕ್ಕಿದ ರಿಯಾಯಿತಿ ನೂರಕ್ಕೆ 60, ನಾವು ಮನಸ್ಸಿನಲ್ಲಿ ಎಣಿಸಿದ್ದ 1,200ಕ್ಕಿಂತ 400 ರೂಪಾಯಿ ಹೆಚ್ಚು. ಹಾಗೆಯೇ, ನೂರಕ್ಕೆ 20 ಕಳೆದು 1,600 ಆಗಿದೆ ಎಂದರೆ ಮೂಲ ಬೆಲೆ ಎಷ್ಟು ಎಂದು ಕೇಳಿದರೆ ಮಕ್ಕಳು 1,600ಕ್ಕೆ ಅದರದೇ 20 ಪಾಲು ಸೇರಿಸಿ 1,920 ಎನ್ನುತ್ತಾರೆ. ಬೀಜಗಣಿತ ಬೇಕಾಗುವುದು ಇಂಥಲ್ಲಿ. ಗೊತ್ತಿಲ್ಲದ ಬೆಲೆಗೆ ಒಂದು ಹೆಸರು ಕೊಡಿ, ಆ ಹೆಸರಿನ ನೂರರಲ್ಲಿ 80 ಪಾಲು 1,600 ಎಂದು ಬರೆಯಿರಿ. 2,000 ತಾನಾಗಿ ಹೊರಬರುತ್ತದೆ. ಆ ಹೆಸರು ಎಕ್ಸ್ ಆಗಬೇಕೆಂದೇನೂ ಇಲ್ಲ. ಹಿಂದಿನವರು ಮೊದಲ ಅವ್ಯಕ್ತವನ್ನು 'ಯಾವತ್ ತಾವತ್', ಎಂದರೆ 'ಎಷ್ಟೋ ಅಷ್ಟು' ಎಂದೂ, ಮುಂದಿನವುಗಳನ್ನು ಕಾಲಕ, ನೀಲಕ, ಪೀತಕ ಎಂದು ಕಪ್ಪು, ನೀಲಿ, ಹಳದಿ ಬಣ್ಣಗಳಿಂದಲೂ ಕರೆದರು. ಸೀರೆಯ ಲೆಕ್ಕಕ್ಕೆ ಇದಕ್ಕಿಂತ ಒಪ್ಪುವ ಹೆಸರು ಉಂಟೇ?

ದಿನಸಿಯಲ್ಲಿ ಜಾತಿಗೂಡಿಸುವ ಕೆಲಸ ಇನ್ನೂ ಹೆಚ್ಚು. 750 ಗ್ರಾಮಿನ ಪೊಟ್ಟಣ 96 ರೂಪಾಯಿ, ಕಿಲೋದ ಪೊಟ್ಟಣ 125 ಎಂದರೆ ಚಿಕ್ಕದು ಅಗ್ಗವಾಗಿ ಕಾಣುತ್ತದೆ. ಕಿಲೋಗೆ ತಂದರೆ ಅದು 128. ಅಡಿಗೆ ಎಣ್ಣೆ ಒಂದು ಕಡೆ ಲೀಟರಿನಲ್ಲಿ, ಇನ್ನೊಂದು ಕಡೆ ಕಿಲೋದಲ್ಲಿ. ಒಂದು ಲೀಟರ್ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಲೀಟರಿಗೆ 150 ಎಂದರೆ ಕಿಲೋಗೆ ಸುಮಾರು 165 ಆಯಿತು. ಪಕ್ಕದಲ್ಲಿ ಕಿಲೋಗೆ 160 ಎಂದು ಬರೆದಿದ್ದರೆ ಅದೇ ಅಗ್ಗ. ಈಗ ಪೊಟ್ಟಣಗಳ ಮೇಲೆ ಗ್ರಾಮಿಗೆ ಇಷ್ಟು, ಮಿಲಿಲೀಟರಿಗೆ ಇಷ್ಟು ಎಂದು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಕನ್ನಡಕ ಏರಿಸಿಕೊಂಡು ಅದನ್ನು ಓದುವುದು ಜಿಪುಣತನವಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟ ಬಡ್ಡಿಯಲ್ಲಿ. ಮಗಳ ಮದುವೆಗೋ ಆಸ್ಪತ್ರೆಗೋ ಕೈಸಾಲ ತೆಗೆಯುವಾಗ "ನೂರಕ್ಕೆ ಮೂರು ರೂಪಾಯಿ ಅಷ್ಟೇ" ಎನ್ನುತ್ತಾರೆ. ಅದು ತಿಂಗಳಿಗೆ. ಬ್ಯಾಂಕಿನವರು ನೂರಕ್ಕೆ 12 ಎನ್ನುವುದು ವರ್ಷಕ್ಕೆ. ಮೂರು ಚಿಕ್ಕದು, ಹನ್ನೆರಡು ದೊಡ್ಡದು ಎಂದು ಕಂಡರೆ, ಪ್ರಮಾಣವೂ ಇಚ್ಛೆಯೂ ಬೇರೆ ಜಾತಿಯವಾಗಿವೆ ಎಂದೇ ಅರ್ಥ. 20,000 ರೂಪಾಯಿಗೆ ಕೈಸಾಲದ ಬಡ್ಡಿ ವರ್ಷಕ್ಕೆ 7,200, ಬ್ಯಾಂಕಿನದು 2,400. ಈ ತಿಂಗಳ ಬಡ್ಡಿಯ ಮಾತು ಹಳೆಯದು. 'ಲೀಲಾವತಿ'ಯಲ್ಲೂ ತಿಂಗಳಿಗೆ ನೂರಕ್ಕೆ 5ರಂತೆ 16ಕ್ಕೆ ವರ್ಷದ ಬಡ್ಡಿ ಎಷ್ಟು ಎಂಬ ಪಂಚರಾಶಿಕವಿದೆ. ಉತ್ತರ 9 ಮತ್ತು ಐದರಲ್ಲಿ ಮೂರು ಪಾಲು, ಎಂದರೆ ವರ್ಷಕ್ಕೆ ನೂರಕ್ಕೆ 60! ಇನ್ನೊಂದು ಬಗೆಯೂ ಇದೆ. 12,000 ಸಾಲ, ತಿಂಗಳಿಗೆ ಸಾವಿರದಂತೆ 12 ಕಂತು, ಬಡ್ಡಿ ನೂರಕ್ಕೆ ವರ್ಷಕ್ಕೆ 12, ಆದರೆ ಮೊದಲಿನ ಪೂರ್ತಿ ಅಸಲಿನ ಮೇಲೆ. ಒಟ್ಟು ಬಡ್ಡಿ 1,440. ಕಂತು ಕಟ್ಟುತ್ತಾ ಹೋದ ಹಾಗೆ ಅಸಲು 12,000, 11,000, 10,000 ಎಂದು ಇಳಿಯುತ್ತದಲ್ಲ, ಸರಾಸರಿ ನಮ್ಮ ಕೈಯಲ್ಲಿದ್ದ ಹಣ 6,500 ಮಾತ್ರ. ಅದರ ಮೇಲೆ 1,440 ಎಂದರೆ ನೂರಕ್ಕೆ 22. ಸಹಿ ಹಾಕುವ ಮೊದಲು "ಬಡ್ಡಿ ಯಾವ ಅಸಲಿನ ಮೇಲೆ?" ಎಂದು ಕೇಳುವ ಹೆಂಗಸಿಗೆ ಲೆಕ್ಕ ಬರುತ್ತದೆ ಎಂದೇ ನಾನು ತಿಳಿಯುತ್ತೇನೆ.

ಮಹಾವೀರನ ಹಾವಿನ ಲೆಕ್ಕವೊಂದು ನಮ್ಮ ಸಂಸಾರಕ್ಕೆ ತೀರ ಹತ್ತಿರ. 80 ಅಂಗುಲದ ಕರಿಯ ಹಾವು ಬಿಲದೊಳಗೆ ಹೋಗುತ್ತಿದೆ. ದಿನದ ಹದಿನಾಲ್ಕರಲ್ಲಿ ಐದು ಪಾಲು ಹೊತ್ತಿನಲ್ಲಿ ಏಳೂವರೆ ಅಂಗುಲ ಒಳಗೆ ಸರಿಯುತ್ತದೆ. ಅತ್ತ ಕಾಲು ದಿನಕ್ಕೆ ಎರಡೂಮುಕ್ಕಾಲು ಅಂಗುಲ ಬಾಲ ಬೆಳೆಯುತ್ತದೆ. ಪೂರ್ತಿ ಒಳಗೆ ಸೇರುವುದು ಎಂದು? ಎರಡನ್ನೂ ಒಂದು ದಿನದ ಲೆಕ್ಕಕ್ಕೆ ತಂದರೆ ಒಳಗೆ ಹೋಗುವುದು 21 ಅಂಗುಲ, ಬೆಳೆಯುವುದು 11. ಉಳಿದದ್ದು 10. ಆದ್ದರಿಂದ 8 ದಿನ. ಸಂಬಳ ಏರುವುದೂ ಬೆಲೆ ಏರುವುದೂ ಹೀಗೆಯೇ. ವರ್ಷಕ್ಕೆ ಏರಿದ ಸಂಬಳವನ್ನೂ ತಿಂಗಳು ತಿಂಗಳು ಏರಿದ ದಿನಸಿಯನ್ನೂ ಒಂದೇ ಕಾಲಕ್ಕೆ ತಂದು ನೋಡಿದರೆ ಮಾತ್ರ ಹಾವು ಒಳಗೆ ಹೋಗುತ್ತಿದೆಯೋ ಹೊರಗೆ ಬೆಳೆಯುತ್ತಿದೆಯೋ ಗೊತ್ತಾಗುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಮನೆಗಳಲ್ಲಿ ತಾಯಿಯೋ ಅತ್ತೆಯೋ ಬರೆದಿಟ್ಟ ಹಳೆಯ ಖರ್ಚಿನ ಡೈರಿಗಳಿದ್ದರೆ ರದ್ದಿಗೆ ಹಾಕಬೇಡಿ. ಅರಸರು ಬಿಟ್ಟ ದತ್ತಿಯ ಲೆಕ್ಕ ಕಲ್ಲಿನ ಮೇಲಿದೆ. ಬೇಳೆ, ಸೀಮೆಎಣ್ಣೆ, ಹೂವು, ಔಷಧಿಯ ಲೆಕ್ಕ ಇರುವುದು ಈ ಡೈರಿಗಳಲ್ಲಿ ಮಾತ್ರ. ನಾಳೆ ನಮ್ಮ ಕಾಲದ ಇತಿಹಾಸ ಬರೆಯುವವರಿಗೆ ಇವೇ ಶಾಸನ. ನಮ್ಮಮ್ಮನ ಕೆಲವು ಡೈರಿಗಳು ನನ್ನ ಬಳಿ ಇವೆ. ಪ್ರತಿ ತಿಂಗಳಿಗೂ ಗೆರೆ ಎಳೆದು ಕಲಂ ಮಾಡಿದ್ದಾರೆ: ಹಾಲು, ಅಂಗಡಿ, ತರಕಾರಿ, ಫೀಸು, ಔಷಧಿ, ಕೊಡುವ ತೆಗೆದುಕೊಳ್ಳುವ ಲೆಕ್ಕ. ಎಲ್ಲಕ್ಕೂ ಕೊನೆಯಲ್ಲಿ ಒಂದು ಕಿರಿದಾದ ಕಲಂ, ತಲೆಬರಹ 'ನನಗೆ'. ಬಹುಪಾಲು ತಿಂಗಳು ಅಲ್ಲಿ ಒಂದು ಅಡ್ಡಗೆರೆ ಇದೆ. ಅಲ್ಲೊಂದು ಇಲ್ಲೊಂದು ಕಡೆ ರಿಬ್ಬನ್, ಲೈಬ್ರರಿ ಚಂದಾ, ಒಂದು ಮೊಳ ಕನಕಾಂಬರ. ಪ್ರಮಾಣ, ಫಲ ಎಲ್ಲವನ್ನೂ ಚೊಕ್ಕವಾಗಿ ಬರೆದಿಟ್ಟವರು ಇಚ್ಛೆಗೂ ಒಂದು ಕಲಂ ಬಿಟ್ಟಿದ್ದರು. ನಿಮ್ಮ ಈ ತಿಂಗಳ ಪುಸ್ತಕದಲ್ಲಿ ಆ ಕಲಂ ಇದೆಯೇ, ಇದ್ದರೆ ಅದರಲ್ಲಿ ಎಷ್ಟು ಬರೆದಿದ್ದೀರಿ ಎಂದು ಒಮ್ಮೆ ತೆಗೆದು ನೋಡಿಕೊಳ್ಳಿ.